ಕಿತ್ತಳೆ ಬಣ್ಣ ಕೆರೆದ ಮೂರು ದಿನ

ಬಸವೇಶ್ವರನಗರ, ಬೆಂಗಳೂರು
ಸೋಮವಾರ, ೬ ಅಕ್ಟೋಬರ್ ೨೦೨೫

ಪ್ರೀತಿಯ ಅಪ್ಪಾಜಿಯವರಿಗೆ ರಕ್ಷಾಳ ಶರಣು.

ನಾನು ಕಟ್ಟಿದ ಗೋ-ಕಾರ್ಟಿನ ಮೈಗೆ ಯಾವ ಬಣ್ಣ ಬರುತ್ತದೆ, ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಇಂದು, ಅಕ್ಟೋಬರ್ ಆರರಂದು, ನಿಮಗೆ ಬರವಣಿಗೆಯಲ್ಲಿ ತಿಳಿಸುವುದೇ ಈ ಪತ್ರದ ಉದ್ದೇಶ. ಇದನ್ನು ಒಪ್ಪಿಗೆ ಕೇಳುವ ಅರ್ಜಿ ಎಂದು ಓದಬೇಡಿ. ಫೋನಿನಲ್ಲಿ ನೀವು ‘ಮೀಟಿಂಗ್‌ನಲ್ಲಿದೀನಿ ಮಗಳೇ, ಆಮೇಲೆ’ ಎನ್ನುತ್ತೀರಿ. ವಾಟ್ಸಾಪ್‌ನಲ್ಲಿ ಬರೆದರೆ ಒಂದು ಹಳದಿ ಹೆಬ್ಬೆರಳು ಕಳಿಸಿ ಕೈತೊಳೆದುಕೊಳ್ಳುತ್ತೀರಿ. ಕಾಗದದ ಮೇಲೆ ಬಂದದ್ದನ್ನು ಮಾತ್ರ ಎರಡು ಸಲ ಓದುವುದು ನಿಮ್ಮ ಮೂವತ್ತು ವರ್ಷದ ಸರ್ಕಾರಿ ಅಭ್ಯಾಸ. ಆದ್ದರಿಂದ ಕಾಗದ.

ಮೊದಲು ನಿಮ್ಮ ಆರೋಗ್ಯ. ಎಡ ಮೊಣಕಾಲಿನ ನೋವು ಹೇಗಿದೆ? ಕಲಬುರಗಿಯ ಕ್ವಾರ್ಟರ್ಸಿನಲ್ಲಿ ನಿಮಗೆ ಎರಡನೇ ಮಹಡಿ ಕೊಟ್ಟಿದ್ದಾರೆಂದು ಅಮ್ಮ ಹೇಳಿದಳು. ಕೆಳಗಿನ ಮನೆ ಖಾಲಿಯಾದ ಕೂಡಲೇ ಬದಲಾಯಿಸಿಕೊಳ್ಳಿ, ಸಂಕೋಚ ಬೇಡ. ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳಿ, ನೆನಪಾದಾಗ ಅಲ್ಲ. ಕಾಲುವೆ ಕೆಲಸ ನೋಡಲು ಹೋಗುವಾಗ ಟೋಪಿ ಇರಲಿ. ಕೋಪ ಬಂದಿದೆ ಎಂಬ ಕಾರಣಕ್ಕೆ ನಿಮ್ಮ ಮೊಣಕಾಲಿನ ಚಿಂತೆ ನನಗೆ ಬಿಟ್ಟುಹೋಗಿಲ್ಲ. ಅಜ್ಜಿ ಚೆನ್ನಾಗಿದ್ದಾರೆ, ಬಲಗಣ್ಣಿನ ಪೊರೆ ಇನ್ನಷ್ಟು ದಪ್ಪವಾಗಿದೆ, ದೀಪಾವಳಿಯಾದ ಮೇಲೆ ಆಪರೇಷನ್ ಮಾಡಿಸೋಣ ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮನಿಗೆ ಬ್ಯಾಂಕಿನಲ್ಲಿ ಅರ್ಧವರ್ಷದ ಮುಕ್ತಾಯದ ಕೆಲಸ ಮುಗಿದು ಈಗ ಉಸಿರಾಡಲು ಬಿಡುವಾಗಿದೆ. ನನ್ನ ಏಳನೇ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್ ಫಲಿತಾಂಶ ಬಂದಿದೆ: ಈ ಸಲವೂ ತರಗತಿಗೆ ನಾನೇ ಮೊದಲು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಈ ಒಂದು ಸಂಗತಿಯನ್ನೇ ನೀವು ನನ್ನ ಮೇಲೆ ಬಳಸಿದ್ದೀರಿ, ಅದಕ್ಕೆ ಮುಂದೆ ಬರುತ್ತೇನೆ.

ಈ ಹದಿನಾಲ್ಕು ತಿಂಗಳಲ್ಲಿ ನೀವು ಕಾರ್ಟನ್ನು ನೋಡಿದ್ದು ಎರಡೇ ಸಲ, ಅದೂ ಬ್ಯಾಗು ಇಳಿಸುವ ಆತುರದಲ್ಲಿ. ಹಾಗಾಗಿ ಅದೇನೆಂದು ಒಮ್ಮೆ ನೆನಪಿಸುತ್ತೇನೆ. ನಿಮ್ಮ ಕಾರು ನಿಮ್ಮೊಂದಿಗೆ ಕಲಬುರಗಿಗೆ ಹೋದ ಮೇಲೆ ಪೋರ್ಟಿಕೋದಲ್ಲಿ ಉಳಿದ ಜಾಗದಲ್ಲಿ ಅದು ನಿಂತಿದೆ. ಕಬ್ಬಿಣದ ಪೈಪಿನ ಚೌಕಟ್ಟು, ಹಳೇ ಸ್ಕೂಟರಿನ ಇಂಜಿನ್ನು, ಒಬ್ಬರೇ ಕೂರುವ ಸೀಟು. ಅದರ ಮೇಲೆ ತೊಂಬತ್ತು ವರ್ಷ ಹಿಂದಿನ ರೇಸ್ ಕಾರುಗಳ ಹಾಗೆ ಉದ್ದ ಬಾನೆಟ್ಟು, ದುಂಡು ಮೂತಿ, ದೋಣಿಯ ಹಿಂಬದಿಯಂತೆ ಚೂಪಾಗುವ ಬಾಲ. ಇಡೀ ಮೈ ಅಲ್ಯೂಮಿನಿಯಂ ತಗಡು. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡನ್ನಿಟ್ಟು, ಮರದ ಕೊಡತಿಯಿಂದ ತಟ್ಟಿ ತಟ್ಟಿ ಬಗ್ಗಿಸಿದ್ದು. ಅಚ್ಚು ಇಲ್ಲ, ಯಂತ್ರವಿಲ್ಲ. ಈ ವಿದ್ಯೆ ನನಗೆ ಕಾಲೇಜು ಕಲಿಸಲಿಲ್ಲ. ದೀಪಾಂಜಲಿ ನಗರದ ಟಿಂಕರಿಂಗ್ ಶೆಡ್ಡಿನ ಬೈರಯ್ಯನವರು ಕಲಿಸಿದರು. ಕಾಲೇಜಿನ ಬಸ್ಸಿಳಿದು ನೇರ ಅವರಲ್ಲಿಗೆ ಹೋಗುತ್ತಿದ್ದೆ. ತಗಡಿಗೆ ಬಟ್ಟೆಸೋಪು ಉಜ್ಜಿ ಬೆಂಕಿಗೆ ಹಿಡಿಯಬೇಕು, ಸೋಪು ಕಪ್ಪಾದಾಗ ನಿಲ್ಲಿಸಬೇಕು, ಆಗ ತಗಡು ಮೆತ್ತಗಾಗುತ್ತದೆ ಎಂಬುದನ್ನು ಅವರು ಹೇಳಿಕೊಟ್ಟರು. ಮೊದಲ ದಿನ ನನ್ನ ಹೊಡೆತ ನೋಡಿ ‘ಏನವ್ವಾ, ಗಂಡನ ಮೇಲಿನ್ ಸಿಟ್ಟಾ? ಹೊಡೀಬೇಡ ಕಣವ್ವಾ, ತಟ್ಟು’ ಎಂದು ಶೆಡ್ಡಿನವರೆಲ್ಲ ನಗುವಂತೆ ಗದರಿದ್ದರು.

ಬಾನೆಟ್ಟು ಬಂತು, ಬಾಲ ಬಂತು. ಮೂತಿ ಮಾತ್ರ ಬರಲಿಲ್ಲ. ನಡುವೆ ತಟ್ಟಿದರೆ ನಡು ತೆಳ್ಳಗಾಗಿ ಅಂಚು ಸುಕ್ಕುಗಟ್ಟುತ್ತಿತ್ತು. ನಾಲ್ಕು ತಗಡು ಹಾಳಾದವು. ಐದನೆಯದಕ್ಕೆ ನಾನು ಪೋರ್ಟಿಕೋದಲ್ಲಿ ಕೂತು ಅಳುತ್ತಿದ್ದಾಗ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಮಂಜು, ಅವರು ಕೇಳಿಸಿಕೊಂಡದ್ದು ಸದ್ದು ಮಾತ್ರ. ‘ಏನ್ ಬಡಿತೀಯವ್ವ ನೀನು, ಅಡ್ಡಾದಿಡ್ಡಿ! ಕೈ ಒಂದ್ ಜಾಗದಾಗಿರ್ಲಿ, ರೊಟ್ಟಿ ತಿರುಗ್ಲಿ’ ಎಂದರು. ದಾವಣಗೆರೆಯಲ್ಲಿ ಹದಿನೆಂಟು ಜನರ ಮನೆಗೆ ದಿನಾ ಜೋಳದ ರೊಟ್ಟಿ ತಟ್ಟಿದ ಕೈ ಅದು. ಅಂದು ಅವರು ನೆಲದ ಮೇಲೆ ಚೀಲದ ಆಚೆ ಕೂತು ಎಡಗೈಯಿಂದ ತಗಡನ್ನು ಸುತ್ತಿಸುತ್ತಾ ಹೋದರು, ನಾನು ಒಂದೇ ಜಾಗಕ್ಕೆ ಒಂದೇ ತೂಕದಲ್ಲಿ ಕೊಡತಿ ಬಿಡುತ್ತಾ ಹೋದೆ. ಹನ್ನೊಂದು ದಿನ ಹೀಗೆ. ಅಂಚು ಬಿರುಕಾಗುವ ಕಡೆ ಅವರು ಬೆರಳಿಟ್ಟು ‘ಇಲ್ಲಿ ಮೆತ್ತಗೆ’ ಎನ್ನುತ್ತಿದ್ದರು. ಮೂತಿ ದುಂಡಾಯಿತು. ಅದರ ಮೇಲೆ ಒಳಗಿನಿಂದ ಹೊರಗೆ ಸುತ್ತು ಸುತ್ತಾಗಿ ಸಣ್ಣ ಸಣ್ಣ ತಟ್ಟಿನ ಗುರುತುಗಳು ಉಳಿದವು, ಥೇಟು ರೊಟ್ಟಿಯ ಮೇಲೆ ಉಳಿಯುವಂತೆ. ಬೈರಯ್ಯನವರು ಬಂದು ನೋಡಿ, ಅದರ ಸುತ್ತ ಎರಡು ಸುತ್ತು ತಿರುಗಿ, ‘ಅಜ್ಜೀನ ನಮ್ಮ ಶೆಡ್ಡಿಗೆ ಕಳಿಸ್ಕೊಡಿ’ ಎಂದರು. ಅದಕ್ಕೆ ಅಜ್ಜಿ ‘ನಿಮ್ಮ ಶೆಡ್ನಾಗೆ ಚಟ್ನಿಪುಡಿ ಐತೇನಪ್ಪ?’ ಎಂದು ಕೇಳಿದರು.

ಈಗ ಬಣ್ಣದ ವಿಷಯ. ಇಂಥ ಗಾಡಿಗೆ ಬಣ್ಣ ಆರಿಸುವುದು ಸೀರೆ ಆರಿಸಿದಂತಲ್ಲ, ಅಪ್ಪಾಜಿ. ಕೈಯಲ್ಲಿ ತಟ್ಟಿದ ತಗಡಿಗೆ ಬಣ್ಣ ಹಚ್ಚುವವರ ಮುಂದೆ ಎರಡು ದಾರಿ. ಒಂದು, ಮೊದಲು ಗುಂಡಿ ತುಂಬುವ ಲೇಪವಾದ ಪಟ್ಟಿಯನ್ನು ದಪ್ಪಗೆ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಗುರುತುಗಳನ್ನೆಲ್ಲ ಮುಚ್ಚಿ, ಅದರ ಮೇಲೆ ಬಣ್ಣ ಹೊಡೆಯುವುದು. ಆಗ ಅದು ಕಾರ್ಖಾನೆಯಿಂದ ಬಂದಂತೆ ನುಣ್ಣಗೆ ಕಾಣುತ್ತದೆ, ಯಾರು ಮಾಡಿದರೂ ಒಂದೇ. ಇನ್ನೊಂದು, ಪಟ್ಟಿಯೇ ಇಲ್ಲದೆ ತೆಳ್ಳಗೆ ಹೊಡೆಯುವುದು. ಆಗ ಪ್ರತಿ ತಟ್ಟೂ ಬೆಳಕಿಗೆ ಕಾಣುತ್ತದೆ, ತಪ್ಪು ಕೂಡ. ‘ಪಟ್ಟಿ ಅಂದ್ರೆ ಪೌಡ್ರು ಕಣವ್ವಾ, ಮೊಡವೆ ಇರೋರ್ಗೆ ಬೇಕು’ ಎಂಬುದು ಬೈರಯ್ಯನವರ ಮಾತು. ನಾನು ಆಗಸ್ಟಿನಲ್ಲಿ ಮೂರು ತಗಡಿನ ತುಂಡುಗಳ ಮೇಲೆ ಮೂರು ಬಣ್ಣ ಹೊಡೆದು ನೋಡಿದೆ: ಕಡುಹಸಿರು, ದಂತದ ಬಿಳಿ, ನೇರಳೆ ಹಣ್ಣಿನ ಬಣ್ಣ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಬೆಳಕಿನಲ್ಲಿ ಫೋಟೋ ತೆಗೆದು, ಯಾವುದರಲ್ಲಿ ಏನು ಕಾಣುತ್ತದೆಂದು ಒಂದು ಪುಟ ಬರೆದು ನಿಮಗೆ ಕಳಿಸಿದೆ. ನಿಮ್ಮಿಂದ ಹೆಬ್ಬೆರಳು ಬಂತು. ಅದರ ಕೆಳಗೆ ‘ಚಿಕ್ಕಪ್ಪನ ಹತ್ತಿರ ಒಂದು ಮಾತು ಕೇಳು’ ಎಂದು ಬಂತು. ರಾಜಾಜಿನಗರದಲ್ಲಿ ಟೈಲ್ಸ್ ಅಂಗಡಿ ಇರುವ ಗಿರಿರಾಜ್ ಚಿಕ್ಕಪ್ಪನಿಗೆ ಈ ಗಾಡಿಯ ಮೇಲೆ ಇರುವ ಹಕ್ಕು ಒಂದೇ: ನವೆಂಬರ್ ಹದಿನಾರರಂದು ಕೆಂಗೇರಿಯ ಪ್ರದರ್ಶನಕ್ಕೆ ಅದನ್ನು ತಮ್ಮ ಟೆಂಪೋದಲ್ಲಿ ಸಾಗಿಸುತ್ತೇನೆ ಎಂದಿದ್ದರು. ನಾನು ಕೇಳಿದೆ. ‘ನಮ್ ಟೆಂಪೋಲಿ ಹೋಗೋ ಗಾಡಿ, ನಮ್ ಅಂಗಡಿ ಬಣ್ಣ ಹೊಡ್ಸೋಣ ಬಿಡು, ಕಿತ್ತಳೆ ಮೇಲೆ ನೀಲಿ ಅಕ್ಷರ, ಎಲ್ಲಿದ್ರೂ ಎದ್ದು ಕಾಣುತ್ತೆ’ ಎಂದರು. ಬೇಡ ಚಿಕ್ಕಪ್ಪ ಎಂದೆ. ನಕ್ಕರು. ಆ ನಗುವನ್ನು ನಾನು ಒಪ್ಪಿಗೆ ಎಂದು ತಿಳಿದದ್ದು ನನ್ನ ತಪ್ಪು.

ಸೆಪ್ಟೆಂಬರ್ ಇಪ್ಪತ್ತೊಂಬತ್ತು, ಮೂವತ್ತು ನನಗೆ ಇಂಟರ್ನಲ್ಸ್. ಇಪ್ಪತ್ತೆಂಟರ ಸಂಜೆಯೇ ಓದಿಕೊಳ್ಳಲು ಆರ್‌ಪಿಸಿ ಲೇಔಟಿನ ನಿಖಿತಾಳ ಮನೆಗೆ ಹೋಗುತ್ತೇನೆ, ಮೂವತ್ತರ ಸಂಜೆ ಬರುತ್ತೇನೆ ಎಂದು ನಿಮಗೆ ನಾನೇ ಹೇಳಿದ್ದೆ. ಆ ದಿನಾಂಕಗಳು ನಿಮಗೆ ಉಪಯೋಗವಾದವು. ಮೂವತ್ತರ ಸಂಜೆ ಗೇಟು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಥಿನ್ನರಿನ ವಾಸನೆ. ಪೋರ್ಟಿಕೋದಲ್ಲಿ ನನ್ನ ಕಾರ್ಟು ಇರಲಿಲ್ಲ. ಕಿತ್ತಳೆ ಬಣ್ಣದ ಏನೋ ಒಂದು ಇತ್ತು. ಬಾಲದ ಎರಡೂ ಕಡೆ ‘ಗಿರಿರಾಜ್ ಟೈಲ್ಸ್’. ಮೂತಿಯ ಮೇಲೆ ಒಂದು ಗೇಣು ಎತ್ತರದ ನೀಲಿ ಅಕ್ಷರದಲ್ಲಿ, ಬಿಳಿ ನೆರಳು ಕೊಟ್ಟು, ಚಿಕ್ಕಪ್ಪನ ಮಗನ ಹೆಸರು: ‘ರೇವಂತ್’. ಲಾರಿಗಳ ಮೇಲೆ ಹೆಸರು ಬರೆಯುವ ಮುತ್ತುರಾಜ ಎಂಬುವವರು ಸೀಮೆಎಣ್ಣೆಯಲ್ಲಿ ಕುಂಚ ತೊಳೆಯುತ್ತಾ ಕೂತಿದ್ದರು. ‘ಹೆಂಗಿದೆ ಮೇಡಂ? ಮೂತಿ ತುಂಬಾ ಗುಂಡಿ ಗುಂಡಿ ಇತ್ತು, ಎಲ್ಲಾ ಪಟ್ಟಿ ಹಾಕಿ ಮುಚ್ಚಿದೀನಿ’ ಎಂದರು. ಯಾರು ಹೇಳಿದ್ದು ಎಂದು ಕೇಳಿದೆ. ನಾನು ನಿರೀಕ್ಷಿಸಿದ ಉತ್ತರ ಚಿಕ್ಕಪ್ಪನ ಹೆಸರು. ‘ಸಾಹೇಬ್ರೇ ಫೋನಲ್ಲಿ ಹೇಳಿದ್ರು, ನಿಮ್ ತಂದೆಯೋರು. ಹುಡುಗನ ಹೆಸರು ಮುಂದೆ ದಪ್ಪಕ್ಕೆ ಬರಲಿ ಅಂದ್ರು.’

ಆ ಮಾತನ್ನು ನಾನು ಎರಡು ಸಲ ಹೇಳಿಸಿದೆ. ಆಮೇಲೆ ಮುತ್ತುರಾಜರ ಮೇಲೆ ಕೂಗಾಡಿದೆ, ಡಬ್ಬಿ ಒದ್ದೆ, ನೀಲಿ ಬಣ್ಣ ತುಳಸಿಕಟ್ಟೆಯವರೆಗೂ ಹರಿಯಿತು. ಎದುರು ಮನೆಯವರು ಬಾಲ್ಕನಿಗೆ ಬಂದರು. ‘ನಾನು ಬರೆಯೋನು ಮೇಡಂ, ಯಾರ ಹೆಸರು, ಯಾಕೆ ಅಂತ ಕೇಳೋನಲ್ಲ’ ಎಂದು ಅವರು ಕುಂಚಗಳನ್ನು ಒರೆಸಿ ಚೀಲಕ್ಕೆ ತುಂಬಿಕೊಂಡು ಹೋದರು. ಅದು ನಿಜ. ಅವರ ಅಕ್ಷರ ಬಹಳ ಚೆನ್ನಾಗಿತ್ತು ಎಂಬುದೂ ನಿಜ. ಸ್ಕೇಲಿಲ್ಲದೆ ಅಷ್ಟು ಸಮನಾದ ದಪ್ಪದಲ್ಲಿ ಎಳೆದ ಗೆರೆಯನ್ನು ನಾನು ಕಂಡಿಲ್ಲ. ಮರುದಿನವೇ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ಕೇಳಬೇಕಾದವರಲ್ಲಿ ನಾನು ಕೇಳುತ್ತೇನೆ ಎಂಬುದು ನಿಮಗೆ ತಿಳಿದಿರಲಿ. ರಾತ್ರಿಯೇ ಕೆರೆಯಲು ಹೊರಟವಳನ್ನು ಅಮ್ಮ ತಡೆದಳು: ‘ನಾಳೆ ಆಯುಧಪೂಜೆ ಕಣೇ. ಹಬ್ಬ ಒಂದು ಕಳೀಲಿ. ನಿಮ್ಮ ಅಪ್ಪ-ಮಗಳ ನಡುವೆ ನನ್ನ ಎಳೀಬೇಡಿ, ನನಗೆ ಬ್ಯಾಂಕಿನ ತಲೆನೋವೇ ಸಾಕಾಗಿದೆ.’ ನಿಂತೆ.

ಹಬ್ಬದ ಬೆಳಿಗ್ಗೆ ನಡೆದದ್ದನ್ನು ಚಿಕ್ಕಪ್ಪ ನಿಮಗೆ ಒಂದು ಬಗೆಯಲ್ಲಿ ಹೇಳಿದ್ದಾರೆ. ನಡೆದ ಬಗೆ ಇದು. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಅಜ್ಜಿ ಮಿಕ್ಸಿಯಿಂದ ಹಿಡಿದು ಅಮ್ಮನ ಸ್ಕೂಟರಿನವರೆಗೆ ಕಬ್ಬಿಣ-ತಗಡು ಇರುವುದಕ್ಕೆಲ್ಲ ತಾವೇ ಮೂರು ಬೆರಳಲ್ಲಿ ವಿಭೂತಿ ಎಳೆಯುವುದು ನಿಮಗೆ ಗೊತ್ತೇ ಇದೆ. ಹೊಸ ಬಣ್ಣದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಕಣ್ಣಿಗೆ ಕಿತ್ತಳೆಯೂ ಮಂಜೇ, ನೀಲಿಯೂ ಮಂಜೇ. ವಿಭೂತಿ ಅದ್ದಿದ ಮೂರು ಬೆರಳನ್ನು ಅವರು ಮೂತಿಯ ಮೇಲಿಟ್ಟು ಈ ಕಡೆಯಿಂದ ಆ ಕಡೆಗೆ ಎಳೆದರು. ಹಿಂದಿನ ಸಂಜೆ ತುಂತುರು ಬಿದ್ದು ಎನಾಮಲ್ ಇನ್ನೂ ಹಸಿ. ‘ರೇವಂತ್’ನ ಮೇಲೆ ಮೂರು ಸೀಳು ಬಿದ್ದವು. ಅದೇ ಹೊತ್ತಿಗೆ ಹಾರ, ಕುಂಬಳಕಾಯಿ ಹಿಡಿದು ಚಿಕ್ಕಪ್ಪ ಮತ್ತು ರೇವಂತ್ ಗೇಟಿನೊಳಗೆ ಬಂದರು. ‘ಅವ್ವಾ! ಏನ್ ಮಾಡ್ಬಿಟ್ಟೆ! ಹಬ್ಬದ ದಿನ ಹುಡ್ಗನ ಹೆಸರು ಅಳಿಸ್ಬಿಟ್ಟೆಯಲ್ಲ!’ ಎಂದು ಚಿಕ್ಕಪ್ಪ ಕೂಗಿದರು. ಅಜ್ಜಿ ಅವರತ್ತ ತಿರುಗಲಿಲ್ಲ. ಅಂಟಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಅಂಗೈಯನ್ನು ಅಗಲಿಸಿ ಮೂತಿಯ ಮೇಲಿಟ್ಟು ಸುತ್ತಲೂ ಸವರಿದರು. ರೊಟ್ಟಿಯ ಅಂಚು ನೋಡುವಂತೆ. ಇನ್ನೊಮ್ಮೆ ಸವರಿದರು. ‘ಇದು ನಾವ್ ತಟ್ಟಿದ್ದಲ್ಲ. ಇದ್ಯಾರ ಗಾಡಿ, ರಕ್ಷಾ? ನಮ್ದೆಲ್ಲಿ?’ ಎಂದು ಕೇಳಿದರು.

ಅಪ್ಪಾಜಿ, ಎಂಬತ್ತೆರಡು ವರ್ಷದ ನಿಮ್ಮ ತಾಯಿ ತಮ್ಮ ಮನೆಯ ಪೋರ್ಟಿಕೋದಲ್ಲಿ ನಿಂತು ತಾವು ಮಾಡಿದ ಕೆಲಸವನ್ನು ಹುಡುಕುತ್ತಿದ್ದರು. ನೀವು ಮುಚ್ಚಿಸಿದ್ದು ಗುಂಡಿಗಳನ್ನಲ್ಲ.

ಪೂಜೆ ಹೇಗೋ ಮುಗಿಯಿತು. ಕುಂಬಳಕಾಯಿ ಒಡೆದ ಮೇಲೆ ರೇವಂತ್ ನನ್ನ ಪಕ್ಕಕ್ಕೆ ಬಂದು ‘ಅಕ್ಕಾ, ದೇವ್ರಾಣೆ ನಾನ್ ಬೇಡ ಅಂದೆ ಕಣೇ. ದೊಡ್ಡಪ್ಪನೇ ಫಾರ್ಮ್ ತುಂಬಿ ಕಳಿಸಿದ್ದು’ ಎಂದ. ಯಾವ ಫಾರ್ಮ್ ಎಂದು ನಾನು ಕೇಳಿದ ಮೇಲೆ ಅವನಿಗೆ ತನ್ನ ಬಾಯಿಂದ ಏನು ಬಿತ್ತೆಂದು ಅರ್ಥವಾಯಿತು. ಮೊಬೈಲ್ ಕಿತ್ತುಕೊಂಡು ನೋಡಿದೆ. ಪ್ರದರ್ಶನದ ನೋಂದಣಿ ಅರ್ಜಿಯ ಫೋಟೋ. ಕುಟುಂಬದ ಪರವಾಗಿ ಯಾರಾದರೂ ಹಿರಿಯರು ಸಲ್ಲಿಸಬಹುದು ಎಂದಿದ್ದುದನ್ನು ನಾನೇ ನಿಮಗೆ ಕಳಿಸಿ, ದಯವಿಟ್ಟು ತುಂಬಿಕೊಡಿ ಎಂದಿದ್ದೆ. ತಯಾರಕರ ಹೆಸರು: ರೇವಂತ್ ಗಿರಿರಾಜ್. ಸಹಾಯ: ಕು. ರಕ್ಷಾ. ನಿಮ್ಮ ಕೈಬರಹ. ಐದನೇ ತರಗತಿಯಲ್ಲಿ ನನ್ನ ಕೈಹಿಡಿದು ನಕ್ಷೆಯ ಅಂಚಿನಲ್ಲಿ ಬರೆಸಿದ ಅದೇ ನೆಟ್ಟಗಿನ, ಅದೇ ಹಗುರ ಕೈಯ ಅಕ್ಷರ. ಬೇರೆ ಯಾರ ಅಕ್ಷರವಾಗಿದ್ದರೂ ನಾನು ಇಷ್ಟು ದೊಡ್ಡ ಪತ್ರ ಬರೆಯುತ್ತಿರಲಿಲ್ಲ. ಆ ಸಾಲಿನ ಬೆಲೆ ನಿಮಗೆ ಗೊತ್ತಿತ್ತು: ಮೊದಲ ಬಹುಮಾನದ ಗಾಡಿಯ ತಯಾರಕರಿಗೆ ಕೊಯಮತ್ತೂರಿನ ಹಳೇ ಕಾರು ದುರಸ್ತಿ ಮಾಡುವ ಕಾರ್ಖಾನೆಯಲ್ಲಿ ಆರು ತಿಂಗಳು ಕೆಲಸ ಕಲಿಸುತ್ತಾರೆ. ಸಹಾಯಕರಿಗೆ ಒಂದು ಟೀ-ಶರ್ಟು. ಆ ಆರು ತಿಂಗಳು ನನಗೆ ಬೇಕು ಎಂದು ಜೂನ್ ತಿಂಗಳಿಂದ ಹೇಳುತ್ತಿದ್ದೇನೆ. ಕಲಬುರಗಿಯ ರೈಲಿಗೆ ನಿಮ್ಮನ್ನು ಹತ್ತಿಸಲು ಬಂದಾಗ ಪ್ಲಾಟ್‌ಫಾರಂನಲ್ಲಿ ಕೂಡ ಹೇಳಿದ್ದೆ. ನೀವು ನನ್ನ ತಲೆ ಸವರಿದ್ದಿರಿ.

ನಿಮ್ಮ ವಾದವನ್ನು ನಾನು ಮರೆಮಾಚುವುದಿಲ್ಲ. ಶನಿವಾರ ನೀವು ಕಳಿಸಿದ ಸಂದೇಶ ಅಮ್ಮನೆದುರು ಓದಿದ್ದೇನೆ: ಚಿಕ್ಕಪ್ಪನ ಕ್ಷಮೆ ಕೇಳು. ದೀಪಾವಳಿಯೊಳಗೆ ಮುತ್ತುರಾಜ ಮತ್ತೆ ಬರುತ್ತಾನೆ. ರೇವಂತ್ ಎರಡು ಸಲ ಡಿಪ್ಲೊಮಾ ಫೇಲಾದ ಹುಡುಗ, ನಿನಗೆ ಹೇಗೂ ರ್‍ಯಾಂಕ್ ಇದೆ, ಅವನಿಗೆ ಇದೊಂದಾದರೂ ಇರಲಿ. ಯಾರ ಹೆಸರಿದ್ದರೇನು, ಮನೆ ಗಾಡಿ ತಾನೆ. ಹೀಗೆ ಬರೆದಿದ್ದೀರಿ. ಚಿಕ್ಕಪ್ಪ ಫೋನಿನಲ್ಲಿ ಅತ್ತರಂತೆ, ನಿಮ್ಮ ಮನಸ್ಸು ಕರಗಿತಂತೆ. ತಮ್ಮನ ಕಣ್ಣೀರಿಗೆ ಕರಗುವ ಅಣ್ಣ ಒಳ್ಳೆಯವನೇ. ಆದರೆ ಕರಗಿದ್ದು ನಿಮ್ಮ ಮನಸ್ಸು, ಕೊಟ್ಟದ್ದು ನನ್ನ ವಸ್ತು. ನಾನು ತರಗತಿಗೆ ಮೊದಲು ಬಂದದ್ದು ನನ್ನ ಉಳಿದ ಕೆಲಸಗಳನ್ನೆಲ್ಲ ಹಂಚಿಬಿಡಲು ಬರೆದುಕೊಟ್ಟ ಮುಚ್ಚಳಿಕೆಯೇ? ಹಾಗಾದರೆ ಫೇಲಾಗಿದ್ದರೆ ನನ್ನ ಗಾಡಿ ನನಗೆ ಉಳಿಯುತ್ತಿತ್ತೇ? ರೇವಂತ್ ಮೂರು ಭಾನುವಾರ ಬಂದು ತಗಡಿನ ತುದಿ ಹಿಡಿದಿದ್ದಾನೆ, ಎರಡು ಸಲ ಖಾರಾ ಬನ್ ತಂದುಕೊಟ್ಟಿದ್ದಾನೆ, ಒಮ್ಮೆ ಅವನ ಹೆಬ್ಬೆರಳಿಗೆ ನಾನೇ ಕೊಡತಿ ಬಿಟ್ಟಿದ್ದೇನೆ. ಅಷ್ಟನ್ನು ಯಾರು ಕೇಳಿದರೂ ಹೇಳುತ್ತೇನೆ. ಅವನು ಕೆಟ್ಟವನಲ್ಲ. ಮಾಡದ ಕೆಲಸದ ಹೆಸರು ಹೊತ್ತು ಕೊಯಮತ್ತೂರಿಗೆ ಹೋದರೆ, ಅಲ್ಲಿ ಮೊದಲ ದಿನ ಕೈಗೆ ಕೊಡತಿ ಕೊಟ್ಟಾಗ ಅವನ ಗತಿಯೇನೆಂದು ನೀವಾಗಲಿ ಚಿಕ್ಕಪ್ಪನಾಗಲಿ ಒಂದು ಕ್ಷಣ ಯೋಚಿಸಿದಂತೆ ಕಾಣುವುದಿಲ್ಲ. ನನಗಂತೂ ಬಣ್ಣ ಕೆರೆದ ಮೂರು ದಿನದಲ್ಲಿ ಅದು ಹಲವು ಸಲ ಹೊಳೆಯಿತು.

ಇನ್ನೊಂದು ಮಾತು, ಮನಸ್ಸಿಲ್ಲದೆ ಬರೆಯುತ್ತಿದ್ದೇನೆ. ನಾನು ಏಳನೇ ತರಗತಿಯಲ್ಲಿದ್ದಾಗ ನೀವು ಲೆಕ್ಕ ಹಾಕಿ, ನಿಂತು ಕಟ್ಟಿಸಿದ ಕಾಲುವೆ ಸೇತುವೆಯ ಉದ್ಘಾಟನೆಗೆ ನಮ್ಮನ್ನು ಕರೆದೊಯ್ದಿದ್ದಿರಿ. ಕಲ್ಲಿನ ಮೇಲೆ ಹದಿಮೂರು ಹೆಸರುಗಳಿದ್ದವು, ನಿಮ್ಮದಿರಲಿಲ್ಲ. ನಾನು ಎರಡು ಸಲ ಓದಿ ಕೇಳಿದಾಗ ‘ಹೆಸರಿಲ್ಲದಿದ್ದರೂ ಸೇತುವೆ ನಿಂತಿದೆಯಲ್ಲ, ಪುಟ್ಟಾ’ ಎಂದು ನಕ್ಕಿದ್ದಿರಿ. ಅದನ್ನು ನಾನು ಇಷ್ಟು ವರ್ಷ ದೊಡ್ಡತನ ಎಂದು ಗೆಳತಿಯರಿಗೆ ಹೇಳಿಕೊಂಡು ತಿರುಗಿದೆ. ಆದರೆ ಆ ವಾರವಿಡೀ ನೀವು ಸರಿಯಾಗಿ ಊಟ ಮಾಡಲಿಲ್ಲ ಎಂಬುದೂ ನನಗೆ ನೆನಪಿದೆ. ಆ ತುತ್ತನ್ನು ನೀವು ನುಂಗಿದಿರಿ. ಅದು ನಿಮ್ಮ ಇಷ್ಟ, ನಿಮ್ಮ ನೌಕರಿ. ಅದನ್ನೇ ತಟ್ಟೆಗೆ ಹಾಕಿ ಮಗಳ ಮುಂದೆ ಇಡಬಾರದಿತ್ತು.

ಅಕ್ಟೋಬರ್ ಎರಡರಿಂದ ನಾಲ್ಕರವರೆಗೆ ಮೂರು ದಿನ ನಾನು ಕಿತ್ತಳೆಯನ್ನು ಕೆರೆದೆ. ಪೇಂಟ್ ರಿಮೂವರ್ ಹಚ್ಚಿದರೆ ಬಣ್ಣ ಹಾಲಿನ ಕೆನೆಯಂತೆ ಸುಕ್ಕಾಗಿ ಏಳುತ್ತದೆ. ಪಟ್ಟಿ ಹಾಗೆ ಏಳುವುದಿಲ್ಲ, ಮರದ ಚಕ್ಕೆಯಿಂದ ಕೆರೆದು ಉಪ್ಪುಕಾಗದದಿಂದ ಉಜ್ಜಬೇಕು, ಹೆಚ್ಚು ಉಜ್ಜಿದರೆ ಕೆಳಗಿನ ತಟ್ಟೂ ಹೋಗುತ್ತದೆ. ಬಾನೆಟ್ಟಿನ ಎಡಬದಿಯಲ್ಲಿ ಅಂಗೈ ಅಗಲದಷ್ಟು ಜಾಗ ಹೀಗೆ ಹಾಳಾಗಿದೆ; ಅದು ಇನ್ನು ಸರಿಯಾಗುವುದಿಲ್ಲ ಎಂದು ಬೈರಯ್ಯನವರು ಹೇಳಿದರು. ಅವರು ಶೆಡ್ಡಿಗೆ ರಜೆ ಹಾಕಿ ಎರಡು ದಿನ ನನ್ನ ಜೊತೆ ಕೂತರು, ನಿಮ್ಮ ವಿಷಯವಾಗಿ ಒಂದು ಮಾತೂ ಆಡಲಿಲ್ಲ; ‘ಅಪ್ಪ ಅಂದ್ಮೇಲೆ ಅಪ್ಪನೇ ಕಣವ್ವಾ, ಆದ್ರೂ ಪಟ್ಟಿ ಹಾಕ್ಸಬಾರ್ದಿತ್ತು’ ಎಂದದ್ದನ್ನು ಬಿಟ್ಟರೆ. ಮೂತಿಯನ್ನು ಕೊನೆಗೆ ಬಿಡಿಸಿದೆವು. ಅಜ್ಜಿಯನ್ನು ಕರೆದೆ. ಅವರು ಅಂಗೈ ಇಟ್ಟು ಸವರಿ, ಒಂದು ಕಡೆ ನಿಲ್ಲಿಸಿ, ‘ಹ್ಞೂಂ, ಇಲ್ಲೊಂದ್ ಕಡೆ ನೀ ಜೋರಾಗಿ ಬಡಿದಿದ್ದಿ’ ಎಂದರು.

ಆದ್ದರಿಂದ ತೀರ್ಮಾನ. ಬಾನೆಟ್ಟು, ಬದಿಗಳು, ಬಾಲ: ನೇರಳೆ ಹಣ್ಣಿನ ಬಣ್ಣ, ಪಟ್ಟಿ ಇಲ್ಲದೆ, ತೆಳ್ಳಗೆ ಮೂರು ಸಲ. ನೆರಳಿನಲ್ಲಿ ಅದು ಕಪ್ಪಾಗಿ ಕಾಣುತ್ತದೆ, ಬಿಸಿಲಿಗೆ ತಂದರೆ ಒಳಗಿನಿಂದ ಕೆಂಪು ಬರುತ್ತದೆ, ಪ್ರತಿ ತಟ್ಟಿನ ಅಂಚೂ ಹೊಳೆಯುತ್ತದೆ. ಕಡುಹಸಿರನ್ನು ಬಿಟ್ಟದ್ದು ಅದರಲ್ಲಿ ಗುರುತುಗಳು ಮುಳುಗುವುದರಿಂದ. ಬಿಳಿಯಲ್ಲಿ ಅವು ಕೊಳೆಯಂತೆ ಕಾಣುತ್ತವೆ. ಬಾನೆಟ್ಟಿನಲ್ಲಿ ಹಾಳಾದ ಜಾಗವನ್ನು ಮುಚ್ಚುವುದಿಲ್ಲ. ಯಾರಾದರೂ ಕೇಳಿದರೆ ಏನಾಯಿತೆಂದು ಹೇಳುತ್ತೇನೆ. ಮೂತಿಗೆ ಬಣ್ಣವಿಲ್ಲ. ಬರಿ ಲೋಹ, ಮೇಲೆ ಮಸುಕು ಬಾರದಂತೆ ಬಣ್ಣವಿಲ್ಲದ ಲ್ಯಾಕರ್ ಒಂದೇ ಪದರ. ಅಂಗಡಿಯ ಹೆಸರು ಇರುವುದಿಲ್ಲ. ಗಾಡಿ ಕೆಂಗೇರಿಗೆ ಬೈರಯ್ಯನವರ ಪರಿಚಯದ ಲಗೇಜ್ ಆಟೋದಲ್ಲಿ ಹೋಗುತ್ತದೆ. ಬಣ್ಣವನ್ನು ಈ ಶನಿವಾರ ನಾನೇ ಹೊಡೆಯುತ್ತೇನೆ, ಒಣಗುವವರೆಗೆ ಪೋರ್ಟಿಕೋದ ಗೇಟಿಗೆ ಬೀಗ ಇರುತ್ತದೆ. ಬೀಗದ ಕೈ ಅಜ್ಜಿಯ ಸೊಂಟದಲ್ಲಿ ಇರುತ್ತದೆ. ಚಿಕ್ಕಪ್ಪ ಕೇಳಿ ನೋಡಲಿ.

ತಯಾರಕರ ಹೆಸರು ತಪ್ಪಾಗಿದೆಯೆಂದು ಪ್ರದರ್ಶನದವರಿಗೆ ಎರಡನೇ ತಾರೀಖೇ ಬರೆದಿದ್ದೇನೆ. ಅದು ನಿಮ್ಮ ಅರ್ಜಿಯ ವಿರುದ್ಧ ಎಂದು ತಿಳಿದೇ ಬರೆದೆ. ನೀವು ಕೋಪಿಸಿಕೊಳ್ಳುತ್ತೀರಿ. ಅಮ್ಮ ಆಗಲೇ ಎರಡು ಹೊತ್ತು ನನ್ನ ಮೇಲೆ ಮುನಿಸಿಕೊಂಡಿದ್ದಳು, ಆಮೇಲೆ ತಾನಾಗಿಯೇ ಬಂದು ಕೈಯ ಬೊಬ್ಬೆಗಳಿಗೆ ಎಣ್ಣೆ ಹಚ್ಚಿದಳು. ನಿಮ್ಮ ಕೋಪ ನನಗೆ ಹಗುರವಲ್ಲ. ಆದರೂ ದೀಪಾವಳಿಗೆ ಬನ್ನಿ. ನಿಮ್ಮ ಇಷ್ಟದ ಹೋಳಿಗೆ ಮಾಡುತ್ತೇವೆ, ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕದಿದ್ದರೆ ತಿಳಿಸಿ, ನಾನು ಬೇರೆ ರೈಲು ನೋಡುತ್ತೇನೆ. ಬಂದಾಗ ಮೂತಿಯ ಮೇಲೆ ಒಮ್ಮೆ ನಿಮ್ಮ ಅಂಗೈ ಇಡಿ.

ಅಜ್ಜಿ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಜೊತೆಗೆ ‘ಪಂಚಾಕ್ಷರಿಗೆ ಹೊತ್ತಿಗ್ ಸರಿಯಾಗಿ ಉಣ್ಣಾಕ್ ಹೇಳು, ಬೈಯೋದ್ ಆಮೇಲ್ ಬೈ’ ಎಂದೂ ಹೇಳಿದ್ದಾರೆ. ಅವರ ಮಾತಿನ ಎರಡನೆಯ ಭಾಗವನ್ನು ಪಾಲಿಸಲು ನನ್ನಿಂದ ಆಗಲಿಲ್ಲ. ಅಮ್ಮ ತಾನೇ ಫೋನ್ ಮಾಡುತ್ತಾಳಂತೆ. ನಿಮ್ಮ ಪಾದಗಳಿಗೆ ನಮಸ್ಕಾರ.

ನಿಮ್ಮ ಮಗಳು,
ರಕ್ಷಾ ಪಂಚಾಕ್ಷರಿ

ಲಕೋಟೆ ಅಂಟಿಸುವ ಮೊದಲು: ಈಗಷ್ಟೇ ಕೊರಿಯರ್‌ನವನು ಬಂದು ಹೋದ. ನೀವು ಟೈಪು ಮಾಡಿಸಿ ಕಳಿಸಿದ ಹಾಳೆ ಮೇಜಿನ ಮೇಲಿದೆ. ಪ್ರದರ್ಶನದವರು ಹತ್ತನೇ ತಾರೀಖಿನೊಳಗೆ ನನ್ನ ಹೇಳಿಕೆ ಬೇಕೆಂದು ಅರ್ಜಿ ಕೊಟ್ಟ ನಿಮ್ಮನ್ನು ಕೇಳಿದ್ದಾರೆಂದು ಈಗ ತಿಳಿಯಿತು. ‘ಸದರಿ ವಾಹನವನ್ನು ರೇವಂತ್ ಗಿರಿರಾಜ್ ಅವರೇ ತಯಾರಿಸಿದ್ದು, ನಾನು ಸಹಾಯಕಿಯಾಗಿ ಮಾತ್ರ ಕೆಲಸ ಮಾಡಿರುತ್ತೇನೆ’ ಎಂಬ ಸಾಲಿನ ಕೆಳಗೆ, ನಾನು ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿ, ಇಂದೇ ತಿರುಗಿ ಕಳಿಸು ಎಂದು ಬರೆದಿದ್ದೀರಿ. ಅಂಚೆಗೆ ಹೊತ್ತಾಯಿತು. ನಾನು ಸಹಿ ಹಾಕುವುದಿಲ್ಲ.